ಫಟಫಟಿಯ ನಳ ಮತ್ತು ಕಬ್ಬಿನ ಪೆಟ್ರೋಲು

ಬಾಗಲಕೋಟೆಯಿಂದ ಲೋಕಾಪುರದ ಕಡೆಗೆ ಹೊರಟರೆ ದಾರಿಯಲ್ಲಿ ಕಲಾದಗಿ ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ಒಂದು ಜಿಲ್ಲೆಗೇ ತನ್ನ ಹೆಸರು ಕೊಟ್ಟಿದ್ದ ಊರಿದು. 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಹೋದ ಮೇಲೆ ಕಚೇರಿಗಳ ಗದ್ದಲ ತಗ್ಗಿತು; ಈಗ ಚಿಕ್ಕು, ದಾಳಿಂಬೆ ತೋಟಗಳಿಂದಲೇ ಊರಿಗೆ ಹೆಸರು. ಕಬ್ಬು ಅರೆಯುವ ಕಾಲ ಬಂತೆಂದರೆ ಈ ಸೀಮೆಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಆ ಸಾಲನ್ನು ದಾಟಿಕೊಂಡು ಒಮ್ಮೊಮ್ಮೆ ಹಳೆಯ ಜಾವಾ, ಯೆಜ್ಡಿ ಅಥವಾ ಬುಲೆಟ್ ಸದ್ದು ಮಾಡುತ್ತ ಹೋಗುತ್ತದೆ. ಉತ್ತರ ಕರ್ನಾಟಕದವರ ಬಾಯಲ್ಲಿ ಅದು ಫಟಫಟಿ. ಆ ಕಬ್ಬಿಗೂ ಈ ಫಟಫಟಿಗೂ ಇಂದು ಒಂದು ವಿಚಿತ್ರ ಸಂಬಂಧ ಏರ್ಪಟ್ಟಿದೆ. ಅದನ್ನು ಕಾಣಬೇಕಾದರೆ ಟ್ಯಾಂಕಿನ ಕೆಳಗಿರುವ ಪುಟ್ಟ ನಳವನ್ನೂ ಅದಕ್ಕೆ ಜೋಡಿಸಿದ ಗೇಣುದ್ದದ ಪೈಪನ್ನೂ ನೋಡಬೇಕು.

ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಪೆಟ್ರೋಲು ಎಂಜಿನ್ನಿಗೆ ಇಳಿಯುವುದು ಕೇವಲ ತನ್ನ ಭಾರದಿಂದ. ಟ್ಯಾಂಕು ಮೇಲೆ, ಕಾರ್ಬ್ಯುರೇಟರ್ ಕೆಳಗೆ. ನಡುವೆ ಪಂಪು ಇಲ್ಲ. ನಳದಿಂದ ಟ್ಯಾಂಕಿನೊಳಕ್ಕೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು ಎತ್ತರದ ಕೊಳವೆ, ಇನ್ನೊಂದು ತಳದ ಹತ್ತಿರದ ರಂಧ್ರ. ಪೆಟ್ರೋಲು ಎತ್ತರದ ಕೊಳವೆಯ ಬಾಯಿಗಿಂತ ಕೆಳಗಿಳಿದಾಗ ಗಾಡಿ ತೊದಲುತ್ತದೆ. ಸವಾರ ಕೈ ಇಳಿಬಿಟ್ಟು ನಳವನ್ನು ರಿಸರ್ವ್‌ಗೆ ತಿರುಗಿಸಿದರೆ ತಳದಲ್ಲಿ ಉಳಿದದ್ದು ಹರಿಯತೊಡಗುತ್ತದೆ. ಪೆಟ್ರೋಲಿನ ಮುಳ್ಳಿಲ್ಲದ ಗಾಡಿಗಳಲ್ಲಿ ಸವಾರನಿಗೆ ಇದೇ ಎಚ್ಚರಿಕೆಯ ಗಂಟೆ.

ಕನ್ನಡ ನಾಡಿಗೆ ಇಂಥ ಗಾಡಿಗಳ ಪರಿಚಯ ಗಾಢವಾದದ್ದು ಮೈಸೂರಿನ ಮೂಲಕ. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅವರು ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. 1960ರ ದಶಕದ ಆರಂಭದಲ್ಲಿ ಜಯಚಾಮರಾಜ ಒಡೆಯರ್ ಅವರಿಂದ ಉದ್ಘಾಟನೆಯಾದ ಈ ಕಾರ್ಖಾನೆಯಿಂದ 250 ಸಿಸಿಯ ಜಾವಾ ಬಂತು. 1970ರ ದಶಕದಲ್ಲಿ ಅದರ ಜಾಗಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಮತ್ತೆ ಬಂದವಾದರೂ ಅವು ಬೇರೆ ಕಾಲದ ಯಂತ್ರಗಳು. ಹಳೆಯವುಗಳ ಹೊಣೆ ಉಳಿದದ್ದು ಮಾಲೀಕರ ಮೇಲೆ ಮತ್ತು ಊರೂರಿನ ಗ್ಯಾರೇಜುಗಳ ಮೇಲೆ.

ಗಾಡಿ ಹಾಗೆಯೇ ಉಳಿಯಿತು, ಬದಲಾದದ್ದು ಪೆಟ್ರೋಲು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲು ಬಂತು. 2003ರಲ್ಲಿ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಶೇ 5ರಷ್ಟು ಎಥೆನಾಲ್ ಬೆರೆಸುವ ಕಾರ್ಯಕ್ರಮ ಶುರುವಾಯಿತು. 2022ರಲ್ಲಿ ಈ ಪ್ರಮಾಣ ಶೇ 10ಕ್ಕೆ ಏರಿತು. ಶೇ 20ರ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. 2030ಕ್ಕೆಂದು ಇಟ್ಟುಕೊಂಡಿದ್ದ ಆ ಗುರಿಯನ್ನು 2025ರಲ್ಲೇ ಮುಟ್ಟಲಾಯಿತು. ಆ ಎಥೆನಾಲಿನಲ್ಲಿ ಒಂದು ಪಾಲು ಹುಟ್ಟುವುದು ಮುಧೋಳ, ಸಮೀರವಾಡಿಗಳ ಸಕ್ಕರೆ ಕಾರ್ಖಾನೆಗಳಲ್ಲಿ. ಎಂದರೆ ಕಲಾದಗಿಯ ಸವಾರನ ಟ್ಯಾಂಕಿನಲ್ಲಿ ಅವನ ನೆರೆಹೊರೆಯ ಹೊಲದ ಕಬ್ಬೂ ಇರಬಹುದು.

ಪೆಟ್ರೋಲಿಗೆ ಮದ್ಯಸಾರ ಬೆರೆಸುವುದು ಹೊಸ ಯೋಚನೆಯೇನಲ್ಲ. ಜಾವಾದ ತವರಾದ ಜೆಕೊಸ್ಲೊವಾಕಿಯಾ 1932ರಲ್ಲಿಯೇ ಅದನ್ನು ಕಾನೂನಿನಿಂದ ಕಡ್ಡಾಯ ಮಾಡಿತ್ತು. ನಮ್ಮಲ್ಲಿಯೂ 1948ರಲ್ಲಿ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ಆದರೆ ಮೈಸೂರಿನ ಗಾಡಿಗಳು ರಸ್ತೆಗಿಳಿದ ದಶಕಗಳಲ್ಲಿ ಬಂಕಿನಲ್ಲಿ ಸಿಗುತ್ತಿದ್ದುದು ಬರಿಯ ಪೆಟ್ರೋಲು. ಅವುಗಳ ರಬ್ಬರು, ಬಿರಡೆ, ವಾಷರುಗಳು ಅದಕ್ಕೆ ಒಗ್ಗಿದವು.

ಬಡಿಗರು ಮರದ ಪಾಲಿಶಿಗಾಗಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದನ್ನು ಓದುಗರು ನೋಡಿರಬಹುದು. ಬಹಳ ಹಳೆಯ ಗಾಡಿಗಳ ಬಿರಡೆಯ ಭಾಗಗಳಿಗೆ ಬಳಿದಿದ್ದ ಅರಗಿನ ಲೇಪಕ್ಕೆ ಎಥೆನಾಲ್ ಮಾಡುವುದೂ ಅದನ್ನೇ. ಹಳೆಯ ರಬ್ಬರು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಇನ್ನೊಂದು ತೊಂದರೆ ನೀರಿನದು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತು ತೇವ ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತವೆ. ರಿಸರ್ವ್‌ನ ರಂಧ್ರ ಇರುವುದೂ ಅಲ್ಲಿಯೇ. ಕಷ್ಟಕಾಲಕ್ಕೆಂದು ಕಾಯ್ದಿಟ್ಟ ಪೆಟ್ರೋಲೇ ಹೀಗೆ ಮೊದಲು ಕೆಡುತ್ತದೆ. ಟ್ಯಾಂಕಿನ ತುಕ್ಕೂ ಅದರೊಂದಿಗೆ ನಳದ ಜಾಲರಿಗೆ ಬಂದು ಕೂರುತ್ತದೆ.

ದುರಸ್ತಿ ದೊಡ್ಡ ಖರ್ಚಿನದಲ್ಲ, ಆದರೆ ತಿಳಿದು ಮಾಡಬೇಕು. ಟ್ಯಾಂಕು ಬರಿದು ಮಾಡಿ, ನಳ ಬಿಚ್ಚಿ, ಜಾಲರಿ ತೊಳೆದು, ಒಳಗಿನ ಸೀಲುಗಳನ್ನು ಬದಲಿಸಬೇಕು. ಮೈ ಸವೆದ ನಳವಾದರೆ ನಳವನ್ನೇ ಬದಲಿಸುವುದು ಲೇಸು. ಕೈಗೆ ಸಿಕ್ಕ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ಸಿಕ್ಕಿಸುವ ರೂಢಿ ಹಲವೆಡೆ ಇದೆ. ಪೆಟ್ರೋಲಿಗೆಂದೇ ಮಾಡದ ನಳಿಕೆ ಬೇಗನೆ ಕಲ್ಲಿನಂತೆ ಗಟ್ಟಿಯಾಗಿ ತುದಿಯಲ್ಲಿ ಸಡಿಲವಾಗುತ್ತದೆ. ಎಥೆನಾಲಿಗೆ ತಡೆಯುವ ಪೈಪು, ಎರಡೂ ತುದಿಗೆ ಬಿಗಿಯಾದ ಕ್ಲಿಪ್ಪು ಬೇಕು.

ಪೈಪಿನ ದಾರಿಯೂ ಅಷ್ಟೇ ಮುಖ್ಯ. ಹೊಲಕ್ಕೆ ನೀರು ಹಾಯಿಸುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ: ಕಾಲುವೆ ಉದ್ದಕ್ಕೂ ಇಳಿಜಾರಾಗಿರಬೇಕು. ಪೈಪು ನಡುವೆ ಎಲ್ಲಿಯಾದರೂ ಗೂನುಬಿದ್ದರೆ ಅಲ್ಲಿ ಆವಿ ನಿಂತು ಹರಿವು ತಡೆಯುತ್ತದೆ. ಸಿಲಿಂಡರಿನ ರೆಕ್ಕೆಗಳಿಗೆ, ಸೈಲೆನ್ಸರಿನ ಕೊಳವೆಗೆ ತಾಗುವಂತಿದ್ದರೆ ಬೇಸಿಗೆಯ ಬಾದಾಮಿ, ಹುನಗುಂದದ ಬಿಸಿಲಿನಲ್ಲಿ ಪೆಟ್ರೋಲು ಪೈಪಿನಲ್ಲಿಯೇ ಆವಿಯಾಗಿ ಗಾಡಿ ನಿಂತುಬಿಡುತ್ತದೆ. ಪೈಪು ಅಲ್ಲಿಯೇ ಬಿರುಕು ಬಿಟ್ಟರಂತೂ ಕಾದ ಲೋಹದ ಮೇಲೆ ಪೆಟ್ರೋಲು ತೊಟ್ಟಿಕ್ಕುತ್ತದೆ. ಆಗ ಕೇಡು ಗಾಡಿಗಷ್ಟೇ ಅಲ್ಲ.

2023ರ ಏಪ್ರಿಲ್‌ನಿಂದ ತಯಾರಾದ ವಾಹನಗಳ ಭಾಗಗಳು ಶೇ 20ರ ಮಿಶ್ರಣ ತಾಳುವಂತಿರಬೇಕೆಂದು ನಿಯಮವಿದೆ. ಮುಚ್ಚಿಹೋದ ಕಾರ್ಖಾನೆಯ ಗಾಡಿಗೆ ನಿಯಮ ಹೇಳುವವರು ಯಾರು? ಕಬ್ಬು ಬೆಳೆದವನಿಗೆ ಎಥೆನಾಲ್ ಒಂದು ಆಸರೆ, ದೇಶಕ್ಕೆ ಕಚ್ಚಾ ತೈಲದ ಆಮದು ಉಳಿತಾಯ. ಆ ಲಾಭದ ಲೆಕ್ಕದಲ್ಲಿ ಹಳೆಯ ಫಟಫಟಿಯ ಪೈಪಿನ ಖರ್ಚು ಎಲ್ಲಿಯೂ ಸೇರಿಲ್ಲ. ಅಪ್ಪ ಕಬ್ಬು ಬೆಳೆದು ಕೊಂಡ ಗಾಡಿಯನ್ನು ಮಗ ಓಡಿಸುವ ಮನೆಯಲ್ಲಿ ಈ ಎರಡು ಲೆಕ್ಕಗಳೂ ಒಂದೇ ಅಂಗಳದಲ್ಲಿ ನಿಂತಿರುತ್ತವೆ.

ಜಾವಾ ಕಾಲದ ಸವಾರರಿಗೆ ಒಂದು ಅಭ್ಯಾಸವಿತ್ತು. ಗಾಡಿ ನಿಲ್ಲಿಸಿದೊಡನೆ ಬಗ್ಗಿ ನಳ ಮುಚ್ಚುವುದು. ತೆರೆದಿಟ್ಟ ನಳದಿಂದ ರಾತ್ರಿಯಿಡೀ ಪೆಟ್ರೋಲು ಸೋರಿ ಎಂಜಿನ್ನಿನ ಹೊಟ್ಟೆ ಸೇರುವುದನ್ನು ಅವರು ಬಲ್ಲರು. ಗಾಡಿ ಮಕ್ಕಳ ಕೈಗೆ ಬಂದಿದೆ. ಆ ಅಭ್ಯಾಸವೂ ಜೊತೆಗೆ ಬರಬೇಕು. ಹಾಗೆ ದಿನಕ್ಕೊಮ್ಮೆ ಬಗ್ಗಿ ನೋಡುವವನ ಕಣ್ಣಿಗೆ ಪೈಪಿನ ಬಿರುಕೂ ಬೇಗ ಬೀಳುತ್ತದೆ.