ಚುಚ್ಚುವ ಕಂಬಳಿಯ ಕತೆ

ಮೊನ್ನೆ ಚಳಿಗೆ ಅಂತ ಅಟ್ಟದ ಮೇಲಿದ್ದ ಅಜ್ಜನ ಕರಿಕಂಬಳಿ ಇಳಿಸಿದೆ. ಮಗಳಿಗೆ ಹೊದಿಸಿದರೆ "ಅಪ್ಪಾ, ಚುಚ್ಚುತ್ತೆ!" ಅಂತ ಒದ್ದು ತೆಗೆದಳು. ತಪ್ಪು ಅವಳದ್ದಲ್ಲ ಬಿಡಿ. ನೂರೈವತ್ತು ವರ್ಷಗಳಿಂದ ದೊಡ್ಡವರೂ ನಮ್ಮ ಉಣ್ಣೆಯ ಮೇಲೆ ಇದೇ ದೂರು ಹೇಳುತ್ತಾ ಬಂದಿದ್ದಾರೆ.

ಉಣ್ಣೆಗೆ ಬೆಲೆ ಕಟ್ಟುವುದು ಎಳೆಯ ದಪ್ಪ ನೋಡಿ. ಮೆರಿನೋ ಕುರಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣ. 30 ಮೈಕ್ರಾನ್ ದಾಟಿತೆಂದರೆ ಎಳೆಯ ತುದಿ ಬಾಗದೆ ಮೈಗೆ ಚುಚ್ಚುತ್ತದೆ. ನಮ್ಮ ದಖನಿ ಕುರಿಯದ್ದು ಒರಟು ಎಳೆ, ಕೆಲವು ಎಳೆಗಳ ಒಳಗೆ ಪೊಳ್ಳು. ಹಾಗಾಗಿ ಮಾರುಕಟ್ಟೆಯ ಲೆಕ್ಕದಲ್ಲಿ ಅದು ಕೀಳು ಉಣ್ಣೆ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕುರುಬರ ಕಂಬಳಿ ಕಸುಬಿನ ಬಗ್ಗೆ ಬರೆದಿಟ್ಟಿದ್ದಾನೆ. ಮುಂದೆ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲಕ್ಕೆ (1834-1861) ಮೆರಿನೋ ಟಗರು ತರಿಸಿ ನಮ್ಮ ಕುರಿಗಳ ಜೊತೆ ತಳಿ ಬೆರೆಸುವ ಪ್ರಯತ್ನ ನಡೆಯಿತು. ಸ್ವಾತಂತ್ರ್ಯದ ನಂತರವೂ ಇಂಥ ಯೋಜನೆಗಳು ನಿಲ್ಲಲಿಲ್ಲ. ಎಲ್ಲರ ಆಸೆಯೂ ಒಂದೇ, ಒರಟನ್ನು ನಯ ಮಾಡಬೇಕು!

ಆದರೆ ಕಂಬಳಿ ಯಾರ ಬಟ್ಟೆ? ಮಳೆಯಲ್ಲಿ ಕುರಿ ಕಾಯುವವನದ್ದು, ಗದ್ದೆಯಲ್ಲಿ ಕೊಪ್ಪೆ ಹಾಕಿಕೊಂಡು ದುಡಿಯುವವಳದ್ದು. ಉಣ್ಣೆ ಹಿಂಜಿ, ರಾಟೆಯಲ್ಲಿ ನೂತು, ಹಾಸಿಗೆ ಹುಣಸೆ ಬೀಜದ ಸರಿ ಬಳಿದು ಗುಂಡಿಮಗ್ಗದಲ್ಲಿ ನೇಯ್ದ ಕಂಬಳಿಯ ಮೇಲೆ ಮಳೆಹನಿ ಜಾರಿ ಬೀಳುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನಿಸುವುದಿಲ್ಲ. ಬೆಂಕಿಯ ಕಿಡಿ ಬಿದ್ದರೆ ಹತ್ತಿಯ ಹಾಗೆ ಧಗ್ಗನೆ ಉರಿಯುವುದೂ ಇಲ್ಲ. ಕಲ್ಲುನೆಲದ ಮೇಲೆ ಹಾಸಿ ಮಲಗುವವನಿಗೆ ಒರಟು ಎಳೆಯೇ ಬಾಳಿಕೆ. ನಯವಾದ ಮೆರಿನೋ ಶಾಲು ಈ ಕೆಲಸಕ್ಕೆ ಎಷ್ಟು ದಿನ ಬಂದೀತು?

ನಮ್ಮ ಜನ ಇದಕ್ಕೆ ಬೇರೆಯೇ ಬೆಲೆ ಕಟ್ಟಿದ್ದರು. ಪೂಜೆಗೆ ಕಂಬಳಿ ಗದ್ದುಗೆ, ಮಡಿಗೆ ಉಣ್ಣೆ, ಮೈಲಾರಲಿಂಗನ ಗೊರವರಿಗೆ ಕರಿಕಂಬಳಿಯ ನಿಲುವಂಗಿ. ಕುರುಬರಲ್ಲಂತೂ ಉಣ್ಣೆ ಕಂಕಣ, ಹತ್ತಿ ಕಂಕಣ ಅಂತ ಎರಡು ಪಂಗಡಗಳೇ ಇವೆ.

ಅಜ್ಜ ಈ ಕಂಬಳಿ ಕೊಂಡದ್ದು ಚಳ್ಳಕೆರೆಯಲ್ಲಿ. ಹೋದ ಸಲ ಊರಿಗೆ ಹೋದಾಗ ದಾರಿಯಲ್ಲಿ ಸಿಕ್ಕ ಮಂದೆಯಲ್ಲಿ ಕರಿಕುರಿಗಳೇ ಕಮ್ಮಿ, ಮೈಮೇಲೆ ಉಣ್ಣೆಯಿಲ್ಲದ ಕೆಂಪು ಕುರಿಗಳೇ ಜಾಸ್ತಿ. ಕೇಳಿದ್ದಕ್ಕೆ ಕುರಿಗಾಹಿ ಅಂದ: "ಕತ್ರಿಸೋ ಕೂಲಿನೇ ಹುಟ್ಟಲ್ಲ ಸ್ವಾಮಿ. ಈಗೆಲ್ಲಾ ಮಾಂಸದ ಲೆಕ್ಕ."

ಕಂಬಳಿ ಮೇಲೆ ಕೂತು ಉಣ್ಣುತ್ತಾ ಕೂದಲು ಎಣಿಸಬಾರದು ಅಂತ ಗಾದೆ. ನಾವು ಎಣಿಸಿಯೇ ಬಿಟ್ಟೆವು, ಮೈಕ್ರಾನ್ ಲೆಕ್ಕದಲ್ಲಿ. ಒರಟು ಅಂತ ಬಿಟ್ಟ ಉಣ್ಣೆಯ ಜೊತೆ ಆ ಕುರಿಯೂ, ಮಗ್ಗವೂ, ನೇಯುವ ಕೈಯೂ ಹೋಗುತ್ತಿವೆ.

ಕಂಬಳಿಯನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ಮಗಳ ಹಾಸಿಗೆಯ ಕೆಳಗೆ ಹಾಸಿದ್ದೇನೆ. ಮೇಲೊಂದು ಹತ್ತಿಯ ದುಪ್ಪಟಿ. ಈಗ ಚುಚ್ಚುವುದಿಲ್ಲವಂತೆ!

ನಿಮ್ಮ ಅಟ್ಟದ ಮೇಲೂ ಒಂದಿದೆಯಾ? ಇದ್ದರೆ ಎಸೆಯಬೇಡಿ.