ಗುಜರಿಯ ಚೂರಿನಿಂದ ಬಲಿಪೀಠದವರೆಗೆ



ನಮ್ಮ ಬಳಗದಲ್ಲಿ ವೆಲ್ಡಿಂಗ್ ಕಲಿತವರಿದ್ದಾರೆ. “ಗೇಟು, ಗ್ರಿಲ್ ಬಿಟ್ಟರೆ ಇದರಲ್ಲಿ ಇನ್ನೇನಿದೆ?” ಎಂಬ ಮಾತೂ ನಮ್ಮ ಕಿವಿಗೆ ಬೀಳುತ್ತಿರುತ್ತದೆ. ಅದಕ್ಕೆ ಹ್ಯಾರಿ ಬರ್ಟೋಯಾ ಅವರ ಬದುಕೇ ಉತ್ತರ.

1915ರಲ್ಲಿ ಇಟಲಿಯ ಹಳ್ಳಿಯೊಂದರಲ್ಲಿ ಹುಟ್ಟಿದ ಅವರು 1930ರಲ್ಲಿ ಅಮೆರಿಕದ ಡೆಟ್ರಾಯ್ಟ್‌ಗೆ ಬಂದರು. ಮುಂದೆ 1939ರಿಂದ ಅಲ್ಲೇ ಸಮೀಪದ ಕ್ರ್ಯಾನ್‌ಬ್ರೂಕ್ ಕಲಾಶಾಲೆಯಲ್ಲಿ ಲೋಹದ ಕೆಲಸ ಕಲಿಸಿದರು. ಅಷ್ಟರಲ್ಲಿ ಮಹಾಯುದ್ಧ ಬಂತು. ಲೋಹ ಯುದ್ಧದ ಸಾಮಾನಿಗೆ ಮೀಸಲಾಯಿತು. ದೊಡ್ಡ ವಸ್ತು ಮಾಡಲು ತಗಡೇ ಇಲ್ಲ. ಬರ್ಟೋಯಾ ಕೈಕಟ್ಟಿ ಕೂರಲಿಲ್ಲ. ಉಳಿದ ಚೂರುಪಾರುಗಳನ್ನೇ ಬಡಿದು, ಬಾಗಿಸಿ, ರಿವೆಟ್ ಹಾಕಿ ಆಭರಣ ಮಾಡಿದರು. 1941ರಲ್ಲಿ ಮದುವೆಯಾದ ವಿನ್ಯಾಸಕಿ ರೇ ಈಮ್ಸ್ ತೊಟ್ಟ ಉಂಗುರವೂ ಅವರ ಕೈಕೆಲಸವೇ.

1943ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ, ಮೇಷ್ಟ್ರಾಗಿದ್ದವರು ಮತ್ತೆ ವಿದ್ಯಾರ್ಥಿಯಾಗಿ ಸಾಂತಾ ಮೋನಿಕಾದ ಕಾಲೇಜಿನಲ್ಲಿ ವೆಲ್ಡಿಂಗ್ ಕಲಿತರು. ಆಭರಣದಲ್ಲಿ ಪಳಗಿದ ಕಣ್ಣಿಗೆ ಬೆಸುಗೆಯ ಬಲ ಸೇರಿತು. 1955ರಲ್ಲಿ ಎಂಐಟಿ ವಿಶ್ವವಿದ್ಯಾಲಯದ ಪ್ರಾರ್ಥನಾಲಯದಲ್ಲಿ, ಬಲಿಪೀಠದ ಹಿಂದೆ ಅವರ ಲೋಹದ ತೆರೆ ಮೇಲೆದ್ದಿತು. ತೆಳುವಾದ ಸರಳುಗಳ ಉದ್ದಕ್ಕೂ ಪುಟ್ಟ ಪುಟ್ಟ ತಗಡುಗಳು. ಛಾವಣಿಯ ಕಿಂಡಿಯಿಂದ ಬೀಳುವ ಬೆಳಕು ಅವುಗಳ ಮೇಲೆ ಮಿನುಗುತ್ತಾ ಪೀಠದ ತನಕ ಇಳಿಯುತ್ತದೆ. ಅಷ್ಟು ಎತ್ತರದ ಕೆಲಸ. ಆದರೆ ಒಂದೊಂದು ತಗಡಿನ ಅಳತೆ ಮಾತ್ರ ಪದಕದ್ದೇ.

ಲೋಹ ಸಿಗದ ಕಾಲವೇ ಅವರಿಗೆ ಚಿಕ್ಕದನ್ನು ಚೆನ್ನಾಗಿ ಮಾಡುವುದನ್ನು ಕಲಿಸಿತು. ವೆಲ್ಡಿಂಗ್ ಕಲಿತ ತಮ್ಮಂದಿರೇ, ತಂಗಿಯರೇ, ಕೆಲಸ ಮುಗಿದ ಮೇಲೆ ಉಳಿಯುವ ತುಂಡುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಕೈಗೆತ್ತಿಕೊಂಡು ನೋಡಿ.