ಹೆರಿಗೆ ಕೋಣೆಯ ಬಾಗಿಲು ತೆರೆಸಿದ ಮಹಿಳೆಯರು

ಮೇ 31ರಂದು ನಾವು ಮಾತೆ ಮರಿಯಮ್ಮನವರ ಭೇಟಿಯ ಹಬ್ಬವನ್ನು ಆಚರಿಸುತ್ತೇವೆ. ಬೆಟ್ಟದ ಸೀಮೆಗೆ ಅವಸರದಿಂದ ಹೊರಟ ಮರಿಯಮ್ಮನವರು ಎಲಿಜಬೇತಮ್ಮನ ಮನೆಯಲ್ಲಿ ಸುಮಾರು ಮೂರು ತಿಂಗಳು ಉಳಿದರೆಂದು ಸಂತ ಲೂಕನ ಶುಭಸಂದೇಶ ತಿಳಿಸುತ್ತದೆ. ಆಗ ಎಲಿಜಬೇತಮ್ಮನಿಗೆ ಆರು ತಿಂಗಳು. ಆರಕ್ಕೆ ಮೂರು ಸೇರಿದರೆ ಎಷ್ಟೆಂದು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಯಸ್ಸಾದ ಮೇಲೆ ಬಸುರಾದ ಬಂಧುವಿಗೆ ಕೈ ಆಸರೆ ಬೇಕಾದ ತಿಂಗಳುಗಳಲ್ಲೇ ಮರಿಯಮ್ಮನವರು ಆ ಮನೆಯಲ್ಲಿದ್ದರು.

ಬೈಬಲ್ ಸೂಲಗಿತ್ತಿಯರನ್ನು ಹೆಸರಿಟ್ಟು ಗೌರವಿಸುತ್ತದೆ. ಹಿಬ್ರಿಯರ ಗಂಡುಕೂಸುಗಳನ್ನು ಕೊಲ್ಲಬೇಕೆಂಬ ಫರೋಹನ ಅಪ್ಪಣೆಯನ್ನು ಮೀರಿದವರು ಶಿಪ್ರಾ ಮತ್ತು ಪೂಗಾ. ವಿಮೋಚನಕಾಂಡದಲ್ಲಿ ಆ ಫರೋಹನ ಸ್ವಂತ ಹೆಸರಿಲ್ಲ. ಈ ಇಬ್ಬರ ಹೆಸರಿದೆ! ಧರ್ಮಸಭೆಯೂ ಸೂಲಗಿತ್ತಿಯ ಮೇಲೆ ದೊಡ್ಡ ಭರವಸೆ ಇಟ್ಟಿತ್ತು. ಕೂಸು ಉಳಿಯುವುದಿಲ್ಲವೆಂಬ ಗಳಿಗೆಯಲ್ಲಿ ಗುರುಗಳನ್ನು ಕರೆತರಲು ಸಮಯವಿಲ್ಲದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಆ ಹೊತ್ತಿನಲ್ಲಿ ಕೂಸಿನ ಬಳಿ ಇರುತ್ತಿದ್ದವಳು ಆಕೆಯೇ. ಆದ್ದರಿಂದ ದೀಕ್ಷಾಸ್ನಾನದ ಮಾತುಗಳನ್ನು ತಪ್ಪಿಲ್ಲದೆ ಹೇಳಲು ಅವಳಿಗೆ ಕಲಿಸಬೇಕೆಂದು ಮಧ್ಯಯುಗದಲ್ಲೇ ಯೂರೋಪಿನಲ್ಲಿ ಗುರುಗಳಿಗೆ ಆದೇಶವಿತ್ತು.

ಆದರೆ ಇದೇ ಧರ್ಮಸಭೆಯಲ್ಲಿ ಇನ್ನೊಂದು ನಿಯಮವೂ ಇತ್ತು. ವ್ರತ ಸ್ವೀಕರಿಸಿದ ಧರ್ಮಭಗಿನಿಯರು ಹೆರಿಗೆ ಮಾಡಿಸುವಂತಿರಲಿಲ್ಲ. ಕಾಲರಾ ರೋಗಿಗಳ, ಕುಷ್ಠರೋಗಿಗಳ, ಯುದ್ಧದಲ್ಲಿ ಗಾಯಗೊಂಡವರ ಸೇವೆಯನ್ನು ಅವರು ಮಾಡಬಹುದಿತ್ತು. ಬಾಣಂತಿಯ ಆರೈಕೆ ಮಾತ್ರ ಬೇಡ. ಕನ್ಯಾವ್ರತದ ಘನತೆಗೆ ಅದು ತಕ್ಕುದಲ್ಲವೆಂದು ಆಗಿನವರು ಭಾವಿಸಿದ್ದರು. ಅವರ ಉದ್ದೇಶವನ್ನು ನಾವು ಸಂಶಯಿಸಬೇಕಿಲ್ಲ. ಆದರೆ ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಮುಚ್ಚಿಡುವುದೂ ಸರಿಯಲ್ಲ.

ಅದು ಕಣ್ಣಿಗೆ ಕಂಡದ್ದು ರಾವಲ್ಪಿಂಡಿಯಲ್ಲಿ. ಇಂದು ಪಾಕಿಸ್ತಾನದಲ್ಲಿರುವ ಆ ಊರು ಅಂದು ಬ್ರಿಟಿಷ್ ಇಂಡಿಯಾಕ್ಕೆ ಸೇರಿತ್ತು. ಪರದೆಯೊಳಗಿನ ಹೆಂಗಸರನ್ನು ಗಂಡಸು ವೈದ್ಯರು ಮುಟ್ಟುವಂತಿರಲಿಲ್ಲ. ಸಲೀಸಾದ ಹೆರಿಗೆಯನ್ನು ಊರಿನ ದಾಯಿ ಮಾಡಿಸುತ್ತಿದ್ದಳು. ಕೂಸು ಅಡ್ಡ ನಿಂತರೆ, ರಕ್ತ ನಿಲ್ಲದೆ ಹೋದರೆ, ಬಾಣಂತಿಗೆ ನಂಜೇರಿದರೆ ಅವಳ ಕೈಯಲ್ಲಿ ಉಪಾಯವಿರಲಿಲ್ಲ. ಇದು ದಾಯಿಯರನ್ನು ಹಳಿಯುವ ಮಾತಲ್ಲ. ನಮ್ಮ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಯ ಓದಿಲ್ಲದೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದದ್ದು ನಮಗೆಲ್ಲ ಗೊತ್ತು. ಆದರೂ ಕೆಲವು ಹೆರಿಗೆಗಳಿಗೆ ವೈದ್ಯೆಯೇ ಬೇಕು.

ಈ ಸಂಕಟಕ್ಕೆ ಓಗೊಟ್ಟವರು ಡಾ. ಆಗ್ನೆಸ್ ಮೆಕ್‌ಲಾರೆನ್. ಸ್ಕಾಟ್ಲೆಂಡಿನಲ್ಲಿ 1837ರಲ್ಲಿ ಹುಟ್ಟಿದ ಆಕೆಯ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವೈದ್ಯ ಪದವಿ ಸುಲಭವಾಗಿ ಸಿಗುತ್ತಿರಲಿಲ್ಲ. ಫ್ರಾನ್ಸಿನ ಮೋಂಪೆಲಿಯೆಗೆ ಹೋಗಿ 1878ರಲ್ಲಿ ಪದವಿ ಪಡೆದರು. ಕಥೋಲಿಕ ಧರ್ಮಸಭೆಗೆ ಸೇರಿದ್ದು 1898ರಲ್ಲಿ, ಅರವತ್ತು ದಾಟಿದ ಮೇಲೆ. 1909ರಲ್ಲಿ ರಾವಲ್ಪಿಂಡಿಯಲ್ಲಿ ಹೆಂಗಸರಿಗಾಗಿ ಸಂತ ಕ್ಯಾಥರೀನಳ ಆಸ್ಪತ್ರೆ ತೆರೆಯಲು ನೆರವಾದರು. ಆದರೆ ಅಲ್ಲಿ ನೆಲೆಯಾಗಿ ನಿಲ್ಲುವ ವೈದ್ಯೆಯರು ಎಲ್ಲಿಂದ ಬರಬೇಕು? ಧರ್ಮಭಗಿನಿಯರೇ ವೈದ್ಯರಾಗಲಿ, ನಿಯಮ ಸಡಿಲಿಸಿ ಎಂದು ಆಕೆ ರೋಮಿಗೆ ಮತ್ತೆ ಮತ್ತೆ ಬೇಡಿಕೆ ಒಯ್ದರು. ಉತ್ತರ ದೊರೆಯದೆಯೇ 1913ರಲ್ಲಿ ತೀರಿಕೊಂಡರು.

ಆಕೆ ಬಿತ್ತಿದ್ದು ಎರಡು ಕಡೆ ಮೊಳೆಯಿತು. ಆಸ್ಟ್ರಿಯಾದ ತಿರೋಲಿನ ಆನ್ನಾ ಡೆಂಗೆಲ್ ಆಕೆಯೊಡನೆ ಕಾಗದ ಬರೆದುಕೊಳ್ಳುತ್ತಿದ್ದ ತರುಣಿ. ಇಬ್ಬರೂ ಮುಖ ನೋಡಿದವರಲ್ಲ. ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡಿದ್ದ ಆನ್ನಾ ಐರ್ಲೆಂಡಿನ ಕಾರ್ಕಿನಲ್ಲಿ ವೈದ್ಯ ಓದಿ 1920ರಲ್ಲಿ ರಾವಲ್ಪಿಂಡಿಗೆ ಬಂದರು. ಒಬ್ಬಂಟಿ ವೈದ್ಯೆಯಿಂದ ಆಗುವ ಕೆಲಸ ಅದಲ್ಲವೆಂದು ಅಲ್ಲಿನ ವರ್ಷಗಳು ಕಲಿಸಿದವು. 1925ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಮೂವರು ಸಂಗಾತಿಯರೊಡನೆ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಂಸ್ಥೆಯನ್ನು ಆರಂಭಿಸಿದರು. ಹೆರಿಗೆ ಮಾಡಿಸುವ ಕೆಲಸವನ್ನು ಬಿಡಲು ಅವರು ಒಪ್ಪಲಿಲ್ಲ. ಹಾಗಾಗಿ ಬಹಿರಂಗ ವ್ರತಗಳನ್ನೇ ಮುಂದೂಡಿ, ಭಕ್ತಸಂಘವಾಗಿ ಬಾಳಿದರು. ನಮ್ಮ ದೃಷ್ಟಿಯಲ್ಲಿ ಇದೇ ಅವರ ದೊಡ್ಡ ತ್ಯಾಗ. ಧರ್ಮಸಭೆಯನ್ನು ತೊರೆಯಲಿಲ್ಲ, ಬಾಣಂತಿಯನ್ನೂ ತೊರೆಯಲಿಲ್ಲ; ಕಾದರು.

ಇನ್ನೊಬ್ಬರು ಆಸ್ಟ್ರೇಲಿಯಾದ ಡಾ. ಮೇರಿ ಗ್ಲೌರಿ. ಮೆಕ್‌ಲಾರೆನ್ನರ ಜೀವನ ಕುರಿತ ಒಂದು ಕಿರುಹೊತ್ತಿಗೆಯನ್ನು 1915ರಲ್ಲಿ ಓದಿದ ಆಕೆ, ಹೆರಿಗೆ ಶಾಸ್ತ್ರದಲ್ಲಿ ಉನ್ನತ ಪದವಿ ಮುಗಿಸಿ 1920ರಲ್ಲಿ ಗುಂಟೂರಿಗೆ ಬಂದು ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು. ಧರ್ಮಭಗಿನಿಯಾಗಿಯೂ ವೈದ್ಯವೃತ್ತಿ ನಡೆಸಲು ಜಗದ್ಗುರು ಹದಿನೈದನೇ ಬೆನೆಡಿಕ್ಟರು ವಿಶೇಷ ಅನುಮತಿ ಕೊಟ್ಟರು. ಗುಂಟೂರಿನಲ್ಲಿ ಆಕೆ ತಾವೇ ರೋಗಿಗಳನ್ನು ನೋಡಿದ್ದಷ್ಟೇ ಅಲ್ಲ, ಅಲ್ಲಿನ ಹೆಣ್ಣುಮಕ್ಕಳಿಗೆ ಸೂಲಗಿತ್ತಿಯರ, ದಾದಿಯರ ಕೆಲಸ ಕಲಿಸಿದರು. ಮರುದಿನ ಯಾವ ಹಳ್ಳಿಯಲ್ಲಿ ಹೆರಿಗೆ ಕಷ್ಟವಾಗುವುದೋ ಯಾರಿಗೆ ಗೊತ್ತು? ಕಲಿತ ಕೈಗಳು ಹೆಚ್ಚಬೇಕಿತ್ತು.

ಕೊನೆಗೆ 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಹನ್ನೊಂದನೇ ಪಯಸ್ ಜಗದ್ಗುರುಗಳಾಗಿದ್ದಾಗ, ರೋಮಿನಿಂದ ಆದೇಶ ಹೊರಟಿತು. ಮಿಷನ್ ನಾಡುಗಳಲ್ಲಿ ತಾಯಿ-ಮಕ್ಕಳ ಸಾವನ್ನು ತಡೆಯಲು ಧರ್ಮಭಗಿನಿಯರು ವೈದ್ಯ ಪದವಿ, ದಾದಿಯರ ಪದವಿ ಪಡೆಯಬಹುದು, ಹೆರಿಗೆಯನ್ನೂ ಮಾಡಿಸಬಹುದು ಎಂದು ಅದು ಸಾರಿತು. ಮೆಕ್‌ಲಾರೆನ್ನರು ತೀರಿಕೊಂಡು ಇಪ್ಪತ್ಮೂರು ವರ್ಷಗಳಾಗಿದ್ದವು. ಆನ್ನಾ ಡೆಂಗೆಲ್ ಮತ್ತು ಸಂಗಾತಿಯರು ಬಹಿರಂಗವಾಗಿ ವ್ರತ ಸ್ವೀಕರಿಸಿದ್ದು ಇದಾದ ಮೇಲೆ. 1980ರಲ್ಲಿ ರೋಮಿನಲ್ಲಿ ನಿಧನರಾದ ಆಕೆಯ ಸಮಾಧಿ ವ್ಯಾಟಿಕನ್ನಿನ ಪಕ್ಕದ ಜರ್ಮನ್ ಸ್ಮಶಾನದಲ್ಲಿದೆ.

ಸಿಸ್ಟರ್ ಮೇರಿ ಗ್ಲೌರಿಯವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ನಮ್ಮದೇ ಒಂದು ವೈದ್ಯಕೀಯ ಕಾಲೇಜು ಭಾರತದಲ್ಲಿ ಆಗಬೇಕೆಂಬುದು ಆಕೆಯ ಬಯಕೆಯಾಗಿತ್ತು. 1957ರ ಮೇ 5ರಂದು ಆಕೆ ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಆರು ವರ್ಷಗಳ ಬಳಿಕ, 1963ರಲ್ಲಿ, ಅದೇ ಊರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು.